ಉಸಿರು ಎಣಿಸದೆ ಅಂಕ ಹಾಕಬೇಡಿ: ಹೊಟ್ಟೆಯ ಆಪರೇಷನ್, ಸೆಪ್ಸಿಸ್ ಮತ್ತು ನಮ್ಮ ಗಡಿಯ ಆಸ್ಪತ್ರೆಗಳು

ಯಾವುದಾದರೂ ಸರ್ಜರಿ ವಾರ್ಡಿನ ಕೇಸ್ ಶೀಟ್ ತೆಗೆದು ಉಸಿರಿನ ಕಾಲಂ ನೋಡಿ. 18, 18, 20, 18, 18. ಹರ್ನಿಯಾ ಆಪರೇಷನ್ ಮುಗಿಸಿ ನಾಳೆ ಮನೆಗೆ ಹೋಗುವವರಿಗೂ 18, ಕರುಳು ತೂತಾಗಿ ಹೊಟ್ಟೆ ತುಂಬ ಕೀವಾದವರಿಗೂ 18. ನಾಡಿ ಆಕ್ಸಿಮೀಟರಿನಲ್ಲಿ ಸಿಗುತ್ತದೆ, ಬಿ.ಪಿ.ಗೆ ಮೆಷಿನ್ ಇದೆ, ಜ್ವರಕ್ಕೆ ಥರ್ಮಾಮೀಟರ್ ಇದೆ. ಉಸಿರನ್ನು ಮಾತ್ರ ಯಾರಾದರೂ ನಿಂತು ಎಣಿಸಬೇಕು. ಇಡೀ ವಾರ್ಡಿಗೆ ಇಬ್ಬರು ಸಿಸ್ಟರ್ ಇರುವ ರಾತ್ರಿ ಅದು ನಡೆಯುವ ಕೆಲಸವಲ್ಲ, ಹಾಗಾಗಿ 18 ಎಂದು ಬರೆದುಬಿಡುತ್ತಾರೆ. ಬೈಯುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆದರೆ ಹೊಟ್ಟೆಯೊಳಗಿನ ಸೋಂಕು ಇಡೀ ದೇಹವನ್ನು ಹಿಡಿಯಲು ಹೊರಟಾಗ, ಅಂದರೆ ಸೆಪ್ಸಿಸ್ ಶುರುವಾದಾಗ, ಬಿ.ಪಿ. ಬೀಳುವುದಕ್ಕೆ ಗಂಟೆಗಟ್ಟಲೆ ಮೊದಲೇ ಏರುವುದು ಉಸಿರು. ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಅದನ್ನು ಸರಿದೂಗಿಸಲು ದೇಹ ಇಂಗಾಲದ ಡೈಆಕ್ಸೈಡನ್ನು ಹೊರಗೆ ತಳ್ಳುತ್ತದೆ. ಉಬ್ಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆ-ಹೊಟ್ಟೆಯ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ಒತ್ತುವುದರಿಂದ ಪ್ರತಿ ಉಸಿರೂ ಗಿಡ್ಡವಾಗುತ್ತದೆ. ಎರಡೂ ಸೇರಿ ಸಂಖ್ಯೆ ಏರುತ್ತದೆ.

ಎಣಿಸುವ ಕ್ರಮ ಹೀಗೆ. ನಾಡಿ ನೋಡುವ ಹಾಗೆ ಕೈ ಹಿಡಿದುಕೊಳ್ಳಿ, ಕಣ್ಣು ಎದೆಯ ಮೇಲಿರಲಿ. ಉಸಿರು ಎಣಿಸುತ್ತೇನೆ ಎಂದು ಹೇಳಿದರೆ ಅವರ ಉಸಿರಾಟವೇ ಬದಲಾಗುತ್ತದೆ. ಹೊದಿಕೆ ಸರಿಸಿ. ಆಪರೇಷನ್ ಆದವರು ನೋವಿಗೆ ಹೊಟ್ಟೆಯನ್ನು ಬಿಗಿ ಹಿಡಿದಿರುತ್ತಾರೆ, ಅಲ್ಲಿ ಚಲನೆ ಕಾಣುವುದಿಲ್ಲ; ಕತ್ತಿನ ಬುಡ, ಪಕ್ಕೆಲುಬು ನೋಡಿ. ಪೂರ್ತಿ 60 ಸೆಕೆಂಡ್ ಎಣಿಸಿ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದೇ ಒಂದು ಉಸಿರು ತಪ್ಪಿದಾಗ 24 ಇದ್ದದ್ದು 20 ಆಗುತ್ತದೆ. ಆ ನಾಲ್ಕರ ಬೆಲೆ ಎಷ್ಟು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ತಂದು 2017ರಲ್ಲಿ ತಿದ್ದಿದ ನ್ಯೂಸ್-2 ಎಂಬ ಅಂಕಪಟ್ಟಿ ಇದೆ. ಉಸಿರು, ಆಮ್ಲಜನಕ, ಮೇಲಿನ ಬಿ.ಪಿ., ನಾಡಿ, ಎಚ್ಚರ, ಜ್ವರ ಈ ಆರಕ್ಕೆ ತಲಾ 0ಯಿಂದ 3 ಅಂಕ. ಆಕ್ಸಿಜನ್ ಕೊಡುತ್ತಿದ್ದರೆ ಇನ್ನೂ 2. ಆಪರೇಷನ್ ಆಗಿ ನಾಲ್ಕನೆಯ ದಿನದ ರೋಗಿಯೊಬ್ಬರನ್ನು ಊಹಿಸಿಕೊಳ್ಳಿ. ಉಸಿರು 24, ಆಮ್ಲಜನಕ ಶೇ. 95, ಬಿ.ಪಿ. 104, ನಾಡಿ 112, ಮಾತು ಸರಿಯಿದೆ, ಜ್ವರ 37.8 ಡಿಗ್ರಿ ಸೆಲ್ಸಿಯಸ್, ಆಕ್ಸಿಜನ್ ಇಲ್ಲ. ಅಂಕ ಕ್ರಮವಾಗಿ 2, 1, 1, 2, 0, 0, ಒಟ್ಟು 6. ಒಂದೊಂದನ್ನೇ ನೋಡಿದರೆ ಯಾವುದೂ ಹೆದರಿಸುವುದಿಲ್ಲ. 'ಸ್ವಲ್ಪ ಬೆಚ್ಚಗಿದ್ದಾರೆ, ಪ್ಯಾರಾಸಿಟಮಾಲ್ ಕೊಟ್ಟಿದ್ದೇವೆ' ಎಂದು ಡ್ಯೂಟಿ ಬದಲಾಗುತ್ತದೆ. ಆದರೆ 5 ಅಥವಾ ಹೆಚ್ಚಾದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು, ಗಂಟೆಗೊಮ್ಮೆ ಅಳತೆ ತೆಗೆಯಬೇಕು ಎಂಬುದು ನಿಯಮ. 7 ಅಥವಾ ಹೆಚ್ಚಾದರೆ ಐಸಿಯು ತಂಡವನ್ನೇ ಕರೆಯಬೇಕು. ಈಗ ಉಸಿರಿನ ಜಾಗದಲ್ಲಿ 18 ಎಂದು ಬರೆಯಿರಿ. ಒಟ್ಟು 4. ಮುಂದಿನ ಅಳತೆ ಇನ್ನು ನಾಲ್ಕರಿಂದ ಆರು ಗಂಟೆ ಬಿಟ್ಟು. ಬರೆಯುವವರ ಕೈಯ ಒಂದು ಅಂದಾಜಿಗೆ ಅಷ್ಟು ಹೊತ್ತು ಹೋಯಿತು.

ಎಚ್ಚರದ ಕಾಲಮ್ಮಿಗೆ ಕಾಸರಗೋಡಿನಲ್ಲಿ ಬೇರೆಯೇ ಒಂದು ತೊಂದರೆ ಇದೆ. ಹೊಸದಾಗಿ ಗಲಿಬಿಲಿ ಕಾಣಿಸಿಕೊಂಡರೆ ನ್ಯೂಸ್-2ರಲ್ಲಿ ನೇರ 3 ಅಂಕ, ಅದೊಂದೇ ಸಾಕು ವೈದ್ಯರನ್ನು ಕರೆಯಲು. ಆದರೆ ಪೈವಳಿಕೆಯಿಂದಲೋ ಎಣ್ಮಕಜೆಯಿಂದಲೋ ಬಂದ, ಮನೆಯಲ್ಲಿ ತುಳು ಅಥವಾ ಹವ್ಯಕ ಕನ್ನಡ ಮಾತ್ರ ಆಡುವ ಎಂಬತ್ತರ ಅಜ್ಜಿಯನ್ನು ಮಲಯಾಳದಲ್ಲಿ 'ಇದು ಯಾವ ಜಾಗ' ಎಂದು ಕೇಳಿದರೆ ಅವರು ಸುಮ್ಮನೆ ನೋಡುತ್ತಾರೆ. ಅದನ್ನು ಗಲಿಬಿಲಿ ಎಂದೂ ಬರೆಯುತ್ತಾರೆ, 'ಭಾಷೆ ಗೊತ್ತಿಲ್ಲ ಪಾಪ' ಎಂದು ಬಿಟ್ಟೂಬಿಡುತ್ತಾರೆ. ಎರಡೂ ಅಪಾಯ. ಹಾಸಿಗೆಯ ಪಕ್ಕ ಕುಳಿತ ಮಗಳನ್ನೋ ಸೊಸೆಯನ್ನೋ ಕೇಳಿ: 'ಅಮ್ಮ ನಿನ್ನೆ ಹೀಗೆಯೇ ಇದ್ದರಾ?' ರಾತ್ರಿಯಿಡೀ ಹಾಸಿಗೆ ತಡಕಾಡಿದರು, ತೀರಿಹೋದ ಗಂಡನನ್ನು ಕರೆದರು, ಡ್ರಿಪ್ ಕಿತ್ತರು ಎಂದರೆ ಅದು ವಯಸ್ಸಿನ ಮರೆವು ಎಂದು ತಳ್ಳಿಹಾಕುವ ವಿಷಯವಲ್ಲ. ಮೆದುಳಿಗೆ ಸಾಕಷ್ಟು ರಕ್ತ ಹೋಗುತ್ತಿಲ್ಲ ಎಂದೋ ಸೋಂಕು ಏರಿದೆ ಎಂದೋ ಅದರ ಅರ್ಥ ಇರಬಹುದು. ಮನೆಯವರ ಮಾತನ್ನು ಅಳತೆಯಾಗಿ ತೆಗೆದುಕೊಳ್ಳುವುದು ನಮ್ಮಂಥ ಐದಾರು ಭಾಷೆಯ ಜಿಲ್ಲೆಯಲ್ಲಿ ಅನಿವಾರ್ಯ.

ಇನ್ನೊಂದು ಮುಸುಕು, ಮಾತ್ರೆಗಳದ್ದು. ಬಿ.ಪಿ.ಗೆ ಅಟೆನಲಾಲ್, ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ ಏರಬೇಕಾದಷ್ಟು ಏರುವುದಿಲ್ಲ. ಉಬ್ಬಸಕ್ಕೋ ಗಂಟುನೋವಿಗೋ ಸ್ಟಿರಾಯ್ಡ್ ನುಂಗುವವರ ಹೊಟ್ಟೆ ತೂತಾದರೂ ಹಲಗೆಯಂತೆ ಗಟ್ಟಿಯಾಗುವುದಿಲ್ಲ. ಮುದುಕರಿಗೆ ಜ್ವರವೇ ಬಾರದೆ ಇರಬಹುದು; ಮೈ ತಣ್ಣಗಾಗುವುದು ಜ್ವರಕ್ಕಿಂತ ಕೆಟ್ಟ ಸೂಚನೆ.

ಸೆಪ್ಸಿಸ್ ಎಂದರೆ ಏನು ಎಂಬುದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. 2016ರ ವ್ಯಾಖ್ಯೆಯ ಪ್ರಕಾರ, ಸೋಂಕಿಗೆ ದೇಹ ತೋರಿಸುವ ಪ್ರತಿಕ್ರಿಯೆಯೇ ಹಿಡಿತ ತಪ್ಪಿ ಅಂಗಗಳು ಕೆಡುವುದು. ಸೋಫಾ ಎಂಬ ಅಂಗಗಳ ಅಂಕಪಟ್ಟಿಯಲ್ಲಿ 2 ಅಥವಾ ಹೆಚ್ಚು ಏರಿಕೆ. ಬೇಕಾದಷ್ಟು ಡ್ರಿಪ್ ಕೊಟ್ಟ ಮೇಲೂ ಸರಾಸರಿ ರಕ್ತದೊತ್ತಡವನ್ನು 65ರಲ್ಲಿ ನಿಲ್ಲಿಸಲು ಔಷಧ ಬೇಕಾಗಿ, ಅಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ 2ಕ್ಕಿಂತ ಮೇಲಿದ್ದರೆ ಅದು ಸೆಪ್ಟಿಕ್ ಶಾಕ್. ಆ ಹಂತಕ್ಕೆ ಬಂದವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ಆಸ್ಪತ್ರೆಯಲ್ಲೇ ತೀರಿಕೊಳ್ಳುತ್ತಾರೆ. ಅದೇ ವರ್ಷ ಬಂದ ಕ್ಯೂ-ಸೋಫಾ ನೆನಪಿಡಲು ಸುಲಭ: ಉಸಿರು 22 ಅಥವಾ ಹೆಚ್ಚು, ಬಿ.ಪಿ. 100 ಅಥವಾ ಕಡಿಮೆ, ಎಚ್ಚರದಲ್ಲಿ ವ್ಯತ್ಯಾಸ. ಇವುಗಳಲ್ಲಿ ಎರಡಿದ್ದರೆ ಅಪಾಯ. ಸುಲಭವಾದದ್ದರಿಂದಲೇ ಎಲ್ಲ ಕಡೆ ಅಂಟಿಸಿದರು. ಆದರೆ ಅದು ಹೌದು ಎನ್ನುವಾಗ ಹೊತ್ತು ಮೀರಿರುತ್ತದೆ. ಅದೊಂದನ್ನೇ ನಂಬಿ ಸೆಪ್ಸಿಸ್ ಹುಡುಕಬೇಡಿ ಎಂದು 2021ರ ಅಂತಾರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿಯೇ ಹೇಳಿದೆ. ಗೋಡೆಯ ಮೇಲಿನ ಪೋಸ್ಟರು ಮಾತ್ರ ಇನ್ನೂ ಇದೆ.

ತಡಕ್ಕೆ ಎಷ್ಟು ಅಂಕ?

ಹೊಟ್ಟೆಯೊಳಗೆ ಸೋಂಕು ಹರಡಿದವರಿಗೆಂದೇ ಇರುವ ಹಳೆಯ ಅಂಕಪಟ್ಟಿ ಮ್ಯಾನ್‌ಹೈಮ್ ಸೂಚ್ಯಂಕ. 1980ರ ದಶಕದಲ್ಲಿ ಜರ್ಮನಿಯಲ್ಲಿ ಮಾಡಿದ್ದು. ಕಂಪ್ಯೂಟರ್ ಬೇಡ, ದುಬಾರಿ ರಕ್ತಪರೀಕ್ಷೆ ಬೇಡ, ಅದಕ್ಕೇ ನಮ್ಮ ದೇಶದಲ್ಲಿ ಇಂದಿಗೂ ಬಳಕೆಯಲ್ಲಿದೆ. ವಯಸ್ಸು 50 ದಾಟಿದ್ದರೆ 5. ಹೆಂಗಸಾದರೆ 5. ಯಾವುದಾದರೂ ಅಂಗ ಸೋತಿದ್ದರೆ 7. ಕ್ಯಾನ್ಸರ್ ಇದ್ದರೆ 4. ಆಪರೇಷನ್‌ಗೆ ಮೊದಲೇ 24 ಗಂಟೆ ಕಳೆದಿದ್ದರೆ 4. ಸೋಂಕಿನ ಮೂಲ ದೊಡ್ಡ ಕರುಳು ಅಲ್ಲದಿದ್ದರೆ 4. ಹೊಟ್ಟೆಯಿಡೀ ಹರಡಿದ್ದರೆ 6. ಒಳಗಿನ ದ್ರವ ತಿಳಿಯಾಗಿದ್ದರೆ 0, ಕದಡಿದ್ದರೆ ಅಥವಾ ಕೀವಾಗಿದ್ದರೆ 6, ಮಲ ಬೆರೆತಿದ್ದರೆ 12. ಗರಿಷ್ಠ 47. ಸಾಮಾನ್ಯವಾಗಿ 21ಕ್ಕಿಂತ ಕಡಿಮೆ, 21ರಿಂದ 29, 29ಕ್ಕಿಂತ ಹೆಚ್ಚು ಎಂದು ಮೂರು ಗುಂಪು ಮಾಡುತ್ತಾರೆ. ಮೂರನೆಯ ಗುಂಪಿನಲ್ಲಿ ಸಾವು ಬಹಳ. ಹೆಂಗಸಿಗೆ ಏಕೆ 5 ಎಂದು ಕೇಳಿದರೆ, ಆ ಕಾಲದ ಆ ರೋಗಿಗಳ ಲೆಕ್ಕದಲ್ಲಿ ಹಾಗೆ ಬಂತು ಎನ್ನಬೇಕಷ್ಟೇ. ಅಂಕಪಟ್ಟಿ ಎಲ್ಲಿ ಹುಟ್ಟಿತೋ ಅಲ್ಲಿಯ ಗುಣ ಅದಕ್ಕೆ ಅಂಟಿಕೊಂಡಿರುತ್ತದೆ.

ಈಗ 62 ವರ್ಷದ ಹೆಂಗಸೊಬ್ಬರನ್ನು ಊಹಿಸಿ. ಮಂಡಿನೋವಿಗೆ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿ ಸಣ್ಣ ಕರುಳಿನ ಆರಂಭದ ಹುಣ್ಣು ತೂತಾಗಿದೆ. ನೋವು ಶುರುವಾಗಿ ಐದಾರು ಗಂಟೆಯಲ್ಲಿ ಟೇಬಲ್ ಮೇಲೆ ಬಂದರೆ: ವಯಸ್ಸಿಗೆ 5, ಹೆಂಗಸಿಗೆ 5, ಮೂಲಕ್ಕೆ 4, ಹರಡಿದ್ದಕ್ಕೆ 6, ದ್ರವ ಇನ್ನೂ ತಿಳಿ. ಒಟ್ಟು 20. ಅದೇ ಹೆಂಗಸು 30 ಗಂಟೆ ಕಳೆದು ಬಂದರೆ 24 ಗಂಟೆ ಮೀರಿದ್ದಕ್ಕೆ 4, ದ್ರವ ಕೀವಾದದ್ದಕ್ಕೆ 6, ಮೂತ್ರ ನಿಂತು, ಮೂತ್ರಪಿಂಡ ಸೋತಾಗ ಏರುವ ಕ್ರಿಯಾಟಿನಿನ್ 2 ದಾಟಿದ್ದಕ್ಕೆ 7 ಸೇರುತ್ತದೆ. 37. ವಯಸ್ಸು, ಲಿಂಗ, ಹುಣ್ಣು ಎಲ್ಲ ಒಂದೇ. ಹೆಚ್ಚಾದ 17 ಅಂಕವೂ ತಡದ್ದು. ಮೊದಲ ಗಂಟೆಗಳಲ್ಲಿ ಹೊಟ್ಟೆಯೊಳಗೆ ಚೆಲ್ಲುವುದು ಮುಖ್ಯವಾಗಿ ಆಮ್ಲ ಮತ್ತು ಪಿತ್ತ. ಸುಡುತ್ತದೆ, ಆದರೆ ರೋಗಾಣು ಕಡಿಮೆ. ಹೊತ್ತು ಹೋದಂತೆ ಅಲ್ಲಿ ರೋಗಾಣು ಬೆಳೆದು ಕೀವಾಗುತ್ತದೆ. ಡೆನ್ಮಾರ್ಕಿನಲ್ಲಿ ಹುಣ್ಣು ತೂತಾದ 2,668 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಪತ್ರೆಗೆ ಬಂದ ಮೇಲೆ ತಡವಾದ ಒಂದೊಂದು ಗಂಟೆಗೂ ಬದುಕುವ ಸಾಧ್ಯತೆ ಹಿಂದಿನ ಗಂಟೆಗಿಂತ ಶೇ. 2.4ರಂತೆ ಇಳಿದಿತ್ತು. ಅದು ಆಸ್ಪತ್ರೆಯ ಬಾಗಿಲು ದಾಟಿದ ನಂತರದ ತಡ ಮಾತ್ರ.

ನಮ್ಮಲ್ಲಿ ಬಹುಪಾಲು ತಡ ಬಾಗಿಲಿಗೆ ಬರುವ ಮೊದಲೇ ಆಗಿರುತ್ತದೆ. ಹೊಟ್ಟೆನೋವು ಎಂದರೆ ಗ್ಯಾಸ್ಟ್ರಿಕ್. ಮೊದಲು ಜೀರಿಗೆ ಕಷಾಯ, ಆಮೇಲೆ ಮೆಡಿಕಲ್ ಶಾಪಿನ ಗುಳಿಗೆ, ಆಮೇಲೆ ಹತ್ತಿರದ ಕ್ಲಿನಿಕ್ಕಿನಲ್ಲಿ ಒಂದು ಇಂಜೆಕ್ಷನ್. ಆ ಇಂಜೆಕ್ಷನ್ ಡಿಕ್ಲೊಫೆನಾಕ್ ಆಗಿದ್ದರೆ ಹುಣ್ಣಿಗೂ ಕೆಟ್ಟದ್ದು, ನೀರು ಆರಿದ ಮೂತ್ರಪಿಂಡಕ್ಕೂ ಕೆಟ್ಟದ್ದು. ತೂತಾದವರಿಗೆ ಕೆಲವು ಗಂಟೆ ಕಳೆದ ಮೇಲೆ ನೋವು ಸ್ವಲ್ಪ ಇಳಿದಂತೆ ಅನಿಸುವ ಹಂತವೂ ಇದೆ. ಆಮ್ಲವನ್ನು ದೇಹದ ದ್ರವ ತೆಳುಮಾಡಿರುತ್ತದೆ, ಅಷ್ಟೇ. 'ಕಡಿಮೆಯಾಯಿತು' ಎಂದು ಗಂಜಿ ಕುಡಿಸಿ ಮಲಗಿಸುವುದು ಆಗಲೇ. ಚೂರಿ ಹಾಕಿದಂತೆ ಒಮ್ಮೆಲೇ ಶುರುವಾದ ನೋವು, ಅಲುಗಾಡಿದರೆ ಹೆಚ್ಚುವ ನೋವು, ಕೆಮ್ಮಿದರೆ ಹೊಟ್ಟೆ ಹಿಡಿದುಕೊಳ್ಳುವ ನೋವು ಗ್ಯಾಸ್ಟ್ರಿಕ್ ಅಲ್ಲ. ಗ್ಯಾಸ್ಟ್ರಿಕ್ ನೋವಿನವರು ಹೊರಳಾಡಿಯಾರು; ತೂತಾದವರು ಅಲುಗದೆ ಮಲಗುತ್ತಾರೆ.

ಎಕ್ಸ್-ರೇಯೂ ಮೋಸ ಮಾಡುತ್ತದೆ. ನಿಲ್ಲಿಸಿಯೋ ಕೂರಿಸಿಯೋ ಎದೆಯ ಎಕ್ಸ್-ರೇ ತೆಗೆದಾಗ ವಪೆಯ ಕೆಳಗೆ ಗಾಳಿ ಕಂಡರೆ ತೂತು ಬಹುತೇಕ ಖಚಿತ. ಆದರೆ ಬಂದವರನ್ನು ಮಲಗಿದ್ದಲ್ಲಿಂದ ಎತ್ತಿ ಕೂಡಲೇ ತೆಗೆದರೆ ಗಾಳಿ ಮೇಲೇರಿರುವುದಿಲ್ಲ. ಐದರಿಂದ ಹತ್ತು ನಿಮಿಷ ನೆಟ್ಟಗೆ ಕೂರಿಸಿಟ್ಟು ತೆಗೆಯಬೇಕು. ಕೂರಲಾಗದವರನ್ನು ಎಡಮಗ್ಗುಲಿಗೆ ಮಲಗಿಸಿ ತೆಗೆಯಬಹುದು. ಇಷ್ಟು ಮಾಡಿದರೂ ಕೆಲವರಲ್ಲಿ ಗಾಳಿ ಕಾಣುವುದೇ ಇಲ್ಲ. ಹೊಟ್ಟೆ ಹಲಗೆಯಂತಿದ್ದು ಎಕ್ಸ್-ರೇ ಸರಿಯಿದೆ ಎಂದರೆ ಸಿಟಿ ಸ್ಕ್ಯಾನ್ ಬೇಕು.

ಕಳಿಸುವ ಮೊದಲು

ಮಂಜೇಶ್ವರ, ಕುಂಬಳೆ, ಬದಿಯಡ್ಕದವರಿಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು ಅಥವಾ ದೇರಳಕಟ್ಟೆ; ಕಾಸರಗೋಡು ಪೇಟೆಯಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ತೆಂಕಣವರಿಗೆ ಕಣ್ಣೂರು ಜಿಲ್ಲೆಯ ಪರಿಯಾರಂ ಮೆಡಿಕಲ್ ಕಾಲೇಜು. 2020ರ ಮಾರ್ಚಿನಲ್ಲಿ ಕೊರೊನಾಕ್ಕೆಂದು ತಲಪಾಡಿ ಗಡಿಯಲ್ಲಿ ದಾರಿ ಮುಚ್ಚಿದಾಗ ಈ ಐವತ್ತು ಕಿಲೋಮೀಟರಿನ ಬೆಲೆ ಎಲ್ಲರಿಗೂ ಗೊತ್ತಾಯಿತು. ಹಾಗಾಗಿ ಇಲ್ಲಿಯ ಮಟ್ಟಿಗೆ ಅಂಕಪಟ್ಟಿಯ ದೊಡ್ಡ ಉಪಯೋಗ ಒಂದೇ: ಯಾರನ್ನು ಈಗಲೇ ಕಳಿಸಬೇಕು, ಕಳಿಸುವ ಮೊದಲು ಏನೇನು ಮುಗಿಸಬೇಕು ಎಂದು ತೀರ್ಮಾನಿಸುವುದು. ಸಾವಿನ ಶೇಕಡಾ ಲೆಕ್ಕ ಹಾಕಿ ಚೀಟಿಯಲ್ಲಿ ಬರೆದು ಕಳಿಸಿದರೆ ಯಾರಿಗೂ ಏನೂ ಆಗಬೇಕಾದ್ದಿಲ್ಲ.

'ಮಂಗಳೂರಿಗೆ ಹೋದ ಮೇಲೆ ಶುರು ಮಾಡುತ್ತಾರೆ' ಎಂಬ ಮಾತಿನಲ್ಲಿ ಮೂರು ಗಂಟೆ ಹೋಗುತ್ತದೆ. ಹೆದ್ದಾರಿಯಲ್ಲಿ ಒಂದೂವರೆ, ಅಲ್ಲಿ ಕ್ಯಾಶುವಾಲಿಟಿಯಲ್ಲಿ ಮತ್ತೊಂದೂವರೆ. ಶಾಕ್ ಇದ್ದರೆ ಅಥವಾ ಸೆಪ್ಸಿಸ್ ಬಹುತೇಕ ಖಚಿತವಾಗಿದ್ದರೆ ಆಂಟಿಬಯಾಟಿಕ್ ಒಂದು ಗಂಟೆಯೊಳಗೆ ಹೋಗಬೇಕು. 18 ಗೇಜಿನ ಎರಡು ಸೂಜಿ ಹಾಕಿ. ಮೊದಲು ರೋಗಾಣು ಬೆಳೆಸಿ ನೋಡಲು ರಕ್ತದ ಕಲ್ಚರ್, ಎರಡು ಬೇರೆ ಕಡೆಯಿಂದ, ಒಂದೊಂದು ಬಾಟಲಿಗೆ 8ರಿಂದ 10 ಮಿ.ಲೀ.; ಎರಡು ಮಿ.ಲೀ. ಹಾಕಿದರೆ ಏನೂ ಬೆಳೆಯದೆ 'ಸೋಂಕಿಲ್ಲ' ಎಂಬ ಸುಳ್ಳು ವರದಿ ಬರುತ್ತದೆ. ಕಲ್ಚರ್ ಬಾಟಲಿ ಇಲ್ಲವೆಂದು ಔಷಧ ತಡೆಹಿಡಿಯಬೇಡಿ. ಪಿಪರಾಸಿಲಿನ್-ಟಾಜೋಬ್ಯಾಕ್ಟಮ್ 4.5 ಗ್ರಾಂ, ಶಾಕ್ ಇದ್ದರೆ ಮೆರೋಪೆನೆಮ್ 1 ಗ್ರಾಂ ಎಂಬುದು ಸಾಮಾನ್ಯ ಆಯ್ಕೆ. ನಿಮ್ಮ ಆಸ್ಪತ್ರೆಯ ಕಲ್ಚರ್ ಪಟ್ಟಿ ಬೇರೆ ಹೇಳಿದರೆ ಅದರಂತೆ. ಕ್ರಿಯಾಟಿನಿನ್ ಏರಿದೆ ಎಂದು ಮೊದಲ ಡೋಸ್ ಕಡಿಮೆ ಮಾಡುವುದು ಆಗಾಗ ಕಾಣುವ ತಪ್ಪು. ಮೊದಲ ಡೋಸ್ ಪೂರ್ತಿ, ಕಡಿಮೆ ಮಾಡುವುದೇನಿದ್ದರೂ ಆಮೇಲೆ.

ಡ್ರಿಪ್ ರಿಂಗರ್ ಲ್ಯಾಕ್ಟೇಟ್. ಕಿಲೋಗೆ 30 ಮಿ.ಲೀ., ಮೂರು ಗಂಟೆಯೊಳಗೆ; 50 ಕಿಲೋದವರಿಗೆ 1,500 ಮಿ.ಲೀ., ಅಂದರೆ ಮೂರು ಬಾಟಲಿ. ಒಮ್ಮೆಲೇ ಬಿಡದೆ 250ರಿಂದ 500 ಮಿ.ಲೀ. ಹೋದ ಮೇಲೆ ಉಸಿರು, ಎದೆಯ ಸದ್ದು ಮತ್ತೆ ನೋಡಿ. ಹೃದಯ ಸೋತವರಿಗೂ ಡಯಾಲಿಸಿಸ್‌ನವರಿಗೂ ಕಣ್ಣು ಮುಚ್ಚಿ ಕೊಡುವ ಲೆಕ್ಕ ಇದಲ್ಲ. ಬಿ.ಪಿ. ಏಳದಿದ್ದರೆ ನಾಲ್ಕನೆಯ, ಐದನೆಯ ಬಾಟಲಿಗೆ ಕೈಹಾಕುವ ಬದಲು ರಕ್ತದೊತ್ತಡ ಏರಿಸುವ ನಾರ್‌ಅಡ್ರಿನಲಿನ್ ಶುರು ಮಾಡಿ. ದೊಡ್ಡ ನರಕ್ಕೆ ಹಾಕುವ ಸೆಂಟ್ರಲ್ ಲೈನ್ ಇಲ್ಲವೆಂದು ಕಾಯಬೇಕಾಗಿಲ್ಲ. ಮೊಣಕೈ ಅಥವಾ ಅದಕ್ಕಿಂತ ಮೇಲಿನ ಒಳ್ಳೆಯ ನರದಲ್ಲಿ ಸ್ವಲ್ಪ ಹೊತ್ತು ಕೊಡಬಹುದು, ಸೂಜಿಯ ಜಾಗ ಬೆಳ್ಳಗಾಗಿ ಊದುತ್ತದೆಯೋ ಎಂದು ಆಗಾಗ ನೋಡುತ್ತಿರಬೇಕು. ಆಂಪ್ಯೂಲಿನ ಮೇಲೆ ಬರೆದಿರುವುದು ಬೈಟಾರ್ಟ್ರೇಟ್ ಲವಣದ ತೂಕವೋ ಬೇಸ್ ತೂಕವೋ ಓದಿಕೊಳ್ಳಿ. ಲವಣ 2 ಮಿ.ಗ್ರಾಂ ಎಂದರೆ ಬೇಸ್ ಸುಮಾರು 1 ಮಿ.ಗ್ರಾಂ, ಕಳಿಸಿದ ಕಡೆ ಒಂದು ಲೆಕ್ಕ, ಇಳಿಸಿಕೊಂಡ ಕಡೆ ಇನ್ನೊಂದು ಲೆಕ್ಕವಾದರೆ ಡೋಸ್ ಇಮ್ಮಡಿಯೋ ಅರ್ಧವೋ ಆಗುತ್ತದೆ.

ಲ್ಯಾಕ್ಟೇಟ್ ನೋಡುವ ಮೆಷಿನ್ ಇಲ್ಲದಿದ್ದರೆ ಬೆರಳು ಇದೆ. ಬಲಗೈಯ ತೋರುಬೆರಳಿನ ತುದಿಯ ಒಳಭಾಗವನ್ನು ಲ್ಯಾಬಿನ ಗಾಜಿನ ಸ್ಲೈಡಿನಿಂದ ಬೆಳ್ಳಗಾಗುವ ತನಕ ಒತ್ತಿ, 10 ಸೆಕೆಂಡ್ ಹಿಡಿದು ಬಿಡಿ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ರಕ್ತ ತುದಿಯ ತನಕ ತಲುಪುತ್ತಿಲ್ಲ. 2019ರ ಆಂಡ್ರೊಮಿಡಾ-ಶಾಕ್ ಅಧ್ಯಯನದಲ್ಲಿ ಹೀಗೆ ಬೆರಳು ನೋಡಿ ಚಿಕಿತ್ಸೆ ನಡೆಸಿದವರಲ್ಲಿ 28 ದಿನದೊಳಗಿನ ಸಾವು ಶೇ. 34.9, ಲ್ಯಾಕ್ಟೇಟ್ ನೋಡಿ ನಡೆಸಿದವರಲ್ಲಿ ಶೇ. 43.4. ಸಂಖ್ಯಾಶಾಸ್ತ್ರದ ಗೆರೆಯನ್ನು ಅದು ಕೂದಲೆಳೆಯಲ್ಲಿ ದಾಟಲಿಲ್ಲ, ಆದ್ದರಿಂದ ಬೆರಳೇ ಮೇಲು ಎನ್ನುವಂತಿಲ್ಲ. ಯಂತ್ರವಿಲ್ಲದ ಕಡೆ ಬೆರಳನ್ನು ನಂಬಿ ಕೆಲಸ ಮಾಡಬಹುದು ಎನ್ನಲು ಅಷ್ಟು ಸಾಕು.

ಹೊಟ್ಟೆ ಖಾಲಿ ಮಾಡಲು ಮೂಗಿನಿಂದ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್. ಗಂಟೆಗೆ ಕಿಲೋಗೆ ಅರ್ಧ ಮಿ.ಲೀ. ಮೂತ್ರ ಬರಬೇಕು. ನೋವಿಗೆ ಟ್ರಮಡಾಲ್ ಅಥವಾ ಮಾರ್ಫಿನ್ ಕೊಡಿ. ನೋವು ತಗ್ಗಿಸಿದರೆ ಸರ್ಜನ್ನಿಗೆ ಲಕ್ಷಣ ತಿಳಿಯುವುದಿಲ್ಲ ಎಂಬುದು ಹಳೆಯ ಕಾಲದ ಮಾತು, ಅದಕ್ಕಾಗಿ ರೋಗಿಯನ್ನು ನರಳಿಸುವುದು ಬೇಡ. ಚೀಟಿಯಲ್ಲಿ ಇರಬೇಕಾದದ್ದು: ನೋವು ಶುರುವಾದ ಹೊತ್ತು, ಕೊನೆಯ ಊಟದ ಹೊತ್ತು, ಕೊಟ್ಟ ಔಷಧ ಮತ್ತು ಅದರ ಹೊತ್ತು, ಎಷ್ಟು ಡ್ರಿಪ್, ಎಷ್ಟು ಮೂತ್ರ, ರೋಗಿ ದಿನವೂ ನುಂಗುವ ಮಾತ್ರೆಗಳು. 'ಉನ್ನತ ಚಿಕಿತ್ಸೆಗಾಗಿ ಕಳಿಸಲಾಗಿದೆ' ಎಂಬ ಒಂದೇ ವಾಕ್ಯದ ಚೀಟಿಯಿಂದ ಅಲ್ಲಿಯವರಿಗೆ ಏನೂ ತಿಳಿಯುವುದಿಲ್ಲ. ಕೇರಳದ ಆರೋಗ್ಯ ಕಾರ್ಡು ಗಡಿಯಾಚೆಯ ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೋ ಎಂದು ಹೊರಡುವ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ವಯಸ್ಸಾದವರ ಆಪರೇಷನ್ನಿನ ಅಪಾಯ ಅಳೆಯುವಾಗ ವಯಸ್ಸಿಗಿಂತ ಅವರ ಕಸುವು ಮುಖ್ಯ. ಅದಕ್ಕೂ ಒಂಬತ್ತು ಮೆಟ್ಟಿಲಿನ ಅಂಕಪಟ್ಟಿ ಇದೆ, ಆದರೆ ಇಲ್ಲಿಯ ಪ್ರಶ್ನೆ ಸುಲಭ: ಅಜ್ಜ ತೋಟಕ್ಕೆ ಇಳಿದು, ಬಿದ್ದ ಅಡಿಕೆ ಹೆಕ್ಕಿ, ನಿಲ್ಲದೆ ಗುಡ್ಡೆ ಹತ್ತಿ ಮನೆಗೆ ಬರುತ್ತಾರಾ? ಹೌದಾದರೆ ಎರಡು ಮಹಡಿ ಹತ್ತುವ ತಾಕತ್ತು ಇದೆ ಎಂದರ್ಥ. ಮನೆಯಂಗಳ ದಾಟಿ ವರ್ಷವಾಯಿತು, ಸ್ನಾನಕ್ಕೂ ಜನ ಬೇಕು ಎಂದರೆ ಬರೇ ತೂತು ಮುಚ್ಚಿದ ಮಾತ್ರಕ್ಕೆ ಮುಗಿಯುವುದಿಲ್ಲ. ಮನೆಯವರ ಜೊತೆ ಆ ಮಾತು ಆಪರೇಷನ್‌ಗೆ ಮೊದಲೇ, ಅವರ ಭಾಷೆಯಲ್ಲೇ ಆಗಬೇಕು. ಸಹಿ ಹಾಕುವ ಕಾಗದ ಮಲಯಾಳದಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ.

ಓಟಿಯ ಒಳಗೆ

ಇಲ್ಲಿ ಸರ್ಜನ್ನರಿಗೆ ಪಾಠ ಹೇಳುವ ಉದ್ದೇಶವಿಲ್ಲ. ದುಡ್ಡು ಹೆಚ್ಚು ಬೇಡದ ಕೆಲವನ್ನು ಮಾತ್ರ ಹೇಳುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸರ್ಜರಿ ಚೆಕ್‌ಲಿಸ್ಟ್ 2008ರಲ್ಲಿ ಬಂತು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಬಳಸಿ ನೋಡಿದಾಗ ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ಹಾಳೆಗೆ ಮೊದಲೇ ಟಿಕ್ ಹಾಕಿಟ್ಟರೆ ಆ ಲಾಭ ಬರುವುದಿಲ್ಲ. ಹೊಟ್ಟೆ ಮುಚ್ಚುವ ಮೊದಲು ಎಲ್ಲರೂ ಗ್ಲೌಸ್ ಬದಲಿಸಿ, ಬೇರೆ ಶುದ್ಧ ಉಪಕರಣ ತೆಗೆದುಕೊಂಡರೆ ಗಾಯದ ಸೋಂಕು ಶೇ. 18.9ರಿಂದ 16.0ಕ್ಕೆ ಇಳಿಯುತ್ತದೆ ಎಂದು ಭಾರತವೂ ಸೇರಿ ಏಳು ದೇಶಗಳ 13,301 ರೋಗಿಗಳ ಚೀತಾ ಅಧ್ಯಯನ 2022ರಲ್ಲಿ ತೋರಿಸಿತು. ತಲಾ ಒಂದು ಜೊತೆ ಗ್ಲೌಸು ಮತ್ತು ಬೇರೆ ಉಪಕರಣದ ಖರ್ಚು, ಅಷ್ಟೇ. ಕೀವನ್ನು ಹತ್ತಿಯ ಕಡ್ಡಿಯಲ್ಲಿ ಒರೆಸಿ ಕಳಿಸುವ ಬದಲು ಸಿರಿಂಜಿನಲ್ಲಿ ಎಳೆದು ಲ್ಯಾಬಿಗೆ ಕಳಿಸಿ. ರೋಗಿಯ ಮೈ 36 ಡಿಗ್ರಿಗಿಂತ ತಣ್ಣಗಾಗಲು ಬಿಡಬೇಡಿ. ತೊಳೆಯುವ ಸಲೈನ್ ಬೆಚ್ಚಗಿರಲಿ.

ರೋಗಿ ಶಾಕ್‌ನಲ್ಲಿದ್ದು, ಬಿ.ಪಿ. ಔಷಧ ಏರುತ್ತಲೇ ಇದ್ದಾಗ ಕರುಳನ್ನು ಕತ್ತರಿಸಿ ಅಲ್ಲೇ ಜೋಡಿಸುವ ಆಸೆ ಒಳ್ಳೆಯದಲ್ಲ. ರಕ್ತ ಸಾಲದ ಕರುಳಿನ ಹೊಲಿಗೆ ಹಿಡಿಯುವುದಿಲ್ಲ. ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಸ್ಟೋಮಾ ಆಗಿ ಹೊರಗೆ ತಂದು, ತೊಳೆದು, ಐಸಿಯುಗೆ ಒಯ್ಯಿರಿ. ಹೊಟ್ಟೆಯ ಮೇಲೆ ಚೀಲ ಎಂದಾಗ ಮನೆಯವರು ಮುಖ ಬಾಡಿಸುತ್ತಾರೆ, ನಿಜ. ಮುಂದೆ ಅದನ್ನು ಒಳಗೆ ಹಾಕಬಹುದೆಂದು ಆಗಲೇ ಹೇಳಿದರೆ ಅರ್ಧ ಹೊರೆ ಇಳಿಯುತ್ತದೆ.

ಮೂರನೆಯ ದಿನದಿಂದ ಏಳನೆಯ ದಿನ

ಕರುಳು ಜೋಡಿಸಿದ ಹೊಲಿಗೆ ಸೋರುವುದಾದರೆ ಹೆಚ್ಚಾಗಿ ಐದರಿಂದ ಏಳನೆಯ ದಿನದಲ್ಲಿ ಗೊತ್ತಾಗುತ್ತದೆ. ಗೊತ್ತಾಗುವುದಕ್ಕೂ ಶುರುವಾಗುವುದಕ್ಕೂ ನಡುವೆ ಎರಡು ದಿನ ಇರಬಹುದು, ಹಿಡಿಯಬೇಕಾದದ್ದು ಆ ಎರಡು ದಿನವನ್ನು. ನೋವಿಗೆ ತಕ್ಕಷ್ಟು ಔಷಧ ಕೊಟ್ಟ ಮೇಲೂ ನಾಡಿ 110ರಲ್ಲಿ ನಿಂತಿದೆ. ಉಸಿರು ಏರಿದೆ. ಹೃದಯದ ಲಯ ಹೊಸದಾಗಿ ತಪ್ಪಿದೆ. ನಿನ್ನೆ ವಾಯು ಹೋಗುತ್ತಿದ್ದದ್ದು ಇವತ್ತು ನಿಂತು ಹೊಟ್ಟೆ ಉಬ್ಬಿದೆ. ಹೊಟ್ಟೆ ಮುಟ್ಟಿದರೆ ಮಾತ್ರ ಮೆತ್ತಗೇ ಇದೆ. ಇಂಥವರನ್ನು ಎದೆಯ ಸೋಂಕು, ಹೃದಯದ ತೊಂದರೆ ಎಂದು ಬೇರೆ ವಿಭಾಗದವರಿಗೆ ತೋರಿಸುತ್ತಾ ದಿನ ಕಳೆಯುವುದು ಎಲ್ಲ ಕಡೆ ನಡೆಯುವ ಕತೆ. ಕರುಳು ಹೊಲಿದವರಲ್ಲಿ ಹೀಗಾದರೆ, ಬೇರೆ ಎಂದು ಸಾಬೀತಾಗುವ ತನಕ, ಅದು ಸೋರಿಕೆಯೇ. ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಡ್ರೈನ್ ಕೊಳವೆಯಲ್ಲಿ ಮಲವೋ ಪಿತ್ತವೋ ಬರಲಿಲ್ಲ ಎಂಬುದು ಸಮಾಧಾನವಲ್ಲ. ಡ್ರೈನಿನ ತುದಿ ಬೇರೆಲ್ಲೋ ಇರಬಹುದು, ಕಟ್ಟಿರಬಹುದು.

ಸಿಆರ್‌ಪಿ ಎಂಬ, ದೇಹದ ಉರಿಯೂತ ಅಳೆಯುವ ರಕ್ತಪರೀಕ್ಷೆ ಇಲ್ಲಿ ಉಪಕಾರಿ, ಆದರೆ ಒಂದು ದಿಕ್ಕಿಗೆ ಮಾತ್ರ. ಆಪರೇಷನ್ ಆದ ಎರಡನೆಯ ದಿನ ಎಲ್ಲರಲ್ಲೂ ಏರಿರುತ್ತದೆ, ಆಗ ನೋಡಿ ಹೆದರಬೇಡಿ. ಮೂರನೆಯ ದಿನದಿಂದ ಐದನೆಯ ದಿನದ ನಡುವೆ ಲೀಟರಿಗೆ 150 ಮಿ.ಗ್ರಾಂಗಿಂತ ಕೆಳಗೆ ಇಳಿಯುತ್ತಿದ್ದರೆ ದೊಡ್ಡ ಕರುಳಿನ ಹೊಲಿಗೆ ಸೋರುತ್ತಿಲ್ಲ ಎಂದು ಬಹಳ ಮಟ್ಟಿಗೆ ನಂಬಬಹುದು. ಇಳಿಯದಿದ್ದರೆ ಸೋರಿಕೆ ಎಂದಲ್ಲ, ಮನೆಗೆ ಕಳಿಸಬೇಡಿ ಮತ್ತು ಸಿಟಿ ಯೋಚಿಸಿ ಎಂದು. ಮೂರು ಮತ್ತು ಐದನೆಯ ದಿನದ ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡುವುದು ಒಂದೇ ಸಂಖ್ಯೆಗಿಂತ ಮೇಲು.

ಆಂಟಿಬಯಾಟಿಕ್ ಎಷ್ಟು ದಿನ? ಮೂಲವನ್ನು ಸರಿಯಾಗಿ ಮುಚ್ಚಿದ್ದರೆ ನಾಲ್ಕು ದಿನ ಸಾಕು. 518 ರೋಗಿಗಳ ಸ್ಟಾಪ್-ಇಟ್ ಅಧ್ಯಯನ 2015ರಲ್ಲೇ ಇದನ್ನು ತೋರಿಸಿದೆ. ಹತ್ತು ದಿನದ ತನಕ ಕೊಟ್ಟವರಿಗೆ ಹೆಚ್ಚೇನೂ ಒಳ್ಳೆಯದಾಗಲಿಲ್ಲ. ಐದನೆಯ ದಿನವೂ ಜ್ವರ ಇದ್ದರೆ ಔಷಧ ಬದಲಿಸುತ್ತಾ ಹೋಗುವ ಬದಲು ಒಳಗೆ ಎಲ್ಲೋ ಕೀವು ಉಳಿದಿದೆಯೋ ಎಂದು ಹುಡುಕಬೇಕು.

ಊಟದ ವಿಷಯ. ಕುಚ್ಚಲಕ್ಕಿ ಗಂಜಿಯ ತಿಳಿ ಮೊದಲ ದಿನಕ್ಕೆ ಸರಿ, ವಾರಗಟ್ಟಲೆ ಅದೇ ಆದರೆ ಗಾಯ ಕೂಡಲು ಬೇಕಾದ ಪ್ರೋಟೀನ್ ಎಲ್ಲಿಂದ ಬರಬೇಕು? 50 ಕಿಲೋದವರಿಗೆ ದಿನಕ್ಕೆ 60ರಿಂದ 75 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ. ಮೀನು, ಮೊಟ್ಟೆ ನಂಜು, ಗಾಯ ಕೀವಾಗುತ್ತದೆ ಎಂದು ತಿನ್ನಿಸದೆ ಇರುವ ಮನೆಗಳಲ್ಲೇ ಗಾಯ ಬಿರಿಯುವುದು ಹೆಚ್ಚು ಎಂದರೆ ಹಿರಿಯರಿಗೆ ಸಿಟ್ಟು ಬಂದೀತು. ಸಸ್ಯಾಹಾರಿಗಳಿಗೆ ಹೆಸರುಬೇಳೆ ತೊವ್ವೆ, ಮೊಸರು, ಹಾಲು, ಬೇಕಿದ್ದರೆ ಪ್ರೋಟೀನ್ ಪುಡಿ. ಸಕ್ಕರೆ ಕಾಯಿಲೆ ಇದ್ದರೆ ಆಸ್ಪತ್ರೆಯಲ್ಲಿ 180ರ ಒಳಗೆ ಇರಿಸಿಕೊಳ್ಳಿ.

ಮಳೆಗಾಲದ ಹೊಟ್ಟೆನೋವು

ಜೂನಿನಿಂದ ಇಲ್ಲಿಯ ಲೆಕ್ಕಾಚಾರ ಬದಲಾಗುತ್ತದೆ. ಡೆಂಗಿಯಲ್ಲಿ ಪಿತ್ತಕೋಶದ ಗೋಡೆ ದಪ್ಪಗಾಗಿ ಸ್ಕ್ಯಾನಿನಲ್ಲಿ ಪಿತ್ತಕೋಶದ ಉರಿಯೂತದಂತೆ ಕಾಣುತ್ತದೆ; ಪ್ಲೇಟ್‌ಲೆಟ್ ನೋಡದೆ ಕತ್ತಿ ಎತ್ತಬೇಡಿ. ತೋಟ, ಗದ್ದೆಯಲ್ಲಿ ಕೆಲಸ ಮಾಡುವವರಿಗೆ ಜ್ವರ, ಮೀನಖಂಡದ ನೋವು, ಕಾಮಾಲೆ ಇದ್ದರೆ ಇಲಿಜ್ವರ ಇರಬಹುದು. ನೆಲದಲ್ಲಿ ಮಲಗಿದವರು ನಸುಕಿಗೆ ಹೊಟ್ಟೆನೋವೆಂದು ಎದ್ದು, ಸ್ವಲ್ಪ ಹೊತ್ತಿಗೆ ರೆಪ್ಪೆ ಜೋತುಬಿದ್ದರೆ ಅದು ಕಟ್ಟುಹಾವಿನ ಕಡಿತ ಇರಬಹುದು, ಗಾಯ ಕಾಣದಿದ್ದರೂ.

ಎಲ್ಲಕ್ಕಿಂತ ತಪ್ಪಿಹೋಗುವುದು ಮೆಲಿಯಾಯ್ಡೋಸಿಸ್. ಕರ್ನಾಟಕದ ಕರಾವಳಿಯಲ್ಲೂ ಕೇರಳದಲ್ಲೂ ಮಣ್ಣು, ನೀರಿನಲ್ಲಿರುವ ರೋಗಾಣು. ಸಕ್ಕರೆ ಕಾಯಿಲೆಯವರಿಗೆ ಮಳೆಗಾಲದಲ್ಲಿ ಹತ್ತಿ ಯಕೃತ್ತು, ಗುಲ್ಮದಲ್ಲಿ ಸಣ್ಣ ಸಣ್ಣ ಕೀವುಗಡ್ಡೆ ಮಾಡುತ್ತದೆ. ಸೆಫ್ಟ್ರಿಯಾಕ್ಸೋನ್ ಸಾಲದು, ಜೆಂಟಮೈಸಿನ್ ತಾಗುವುದಿಲ್ಲ. ಲ್ಯಾಬಿನಲ್ಲಿ 'ಸುಡೊಮೊನಾಸ್ ಜಾತಿ' ಎಂದು ಬರೆದು ಕೈತೊಳೆದುಕೊಳ್ಳುವುದೂ ಉಂಟು. ಆಕ್ಸಿಡೇಸ್ ಪಾಸಿಟಿವ್, ಜೆಂಟಮೈಸಿನ್ ಮತ್ತು ಕೊಲಿಸ್ಟಿನ್ ಎರಡಕ್ಕೂ ಬಗ್ಗದ, ಆದರೆ ಅಮಾಕ್ಸಿಸಿಲಿನ್-ಕ್ಲಾವುಲನೇಟಿಗೆ ಬಗ್ಗುವ ರೋಗಾಣು ಬಂದರೆ ಮೈಕ್ರೊಬಯಾಲಜಿಯವರಿಗೆ ಫೋನ್ ಮಾಡಿ. ಸೆಫ್ಟಾಜಿಡಿಮ್ ಅಥವಾ ಮೆರೋಪೆನೆಮ್ ಕನಿಷ್ಠ 10ರಿಂದ 14 ದಿನ, ಆಮೇಲೆ ಕೋಟ್ರಿಮಾಕ್ಸಜೋಲ್ ಮೂರು ತಿಂಗಳು. ನಾಲ್ಕು ದಿನದ ಲೆಕ್ಕ ಇಲ್ಲಿಗೆ ಅನ್ವಯಿಸುವುದಿಲ್ಲ.

ಈಗ ಎಲ್ಲರೂ ಕೇಳುವ ಪ್ರಶ್ನೆ, ಇದನ್ನೆಲ್ಲ ಕಂಪ್ಯೂಟರ್ ಹೇಳುವುದಿಲ್ಲವೇ ಎಂದು. ಅಮೆರಿಕದಲ್ಲಿ ನೂರಾರು ಆಸ್ಪತ್ರೆಗಳಲ್ಲಿ ಹಾಕಿಸಿದ್ದ ಸೆಪ್ಸಿಸ್ ಎಚ್ಚರಿಕೆಯ ಒಂದು ಸಾಫ್ಟ್‌ವೇರನ್ನು ಮಿಷಿಗನ್ನಿನಲ್ಲಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಸೆಪ್ಸಿಸ್ ಆದ ನೂರರಲ್ಲಿ 67 ಮಂದಿಯನ್ನು ಅದು ಗುರುತಿಸಿರಲಿಲ್ಲ. ಮರುವರ್ಷ ಜಾನ್ಸ್ ಹಾಪ್‌ಕಿನ್ಸ್‌ನ ಐದು ಆಸ್ಪತ್ರೆಗಳಿಂದ ಇನ್ನೊಂದು ಸಾಫ್ಟ್‌ವೇರಿನ ಒಳ್ಳೆಯ ಸುದ್ದಿ ಬಂತು, ಆದರೆ ಎಚ್ಚರಿಕೆ ಬಂದ ಮೂರು ಗಂಟೆಯೊಳಗೆ ಯಾರಾದರೂ ನೋಡಿ ಹೌದೆಂದು ಒಪ್ಪಿದ ರೋಗಿಗಳಲ್ಲಿ. ಉಸಿರಿನ ಜಾಗದಲ್ಲಿ 18 ತುಂಬಿಸಿದರೆ ಆ ಸಾಫ್ಟ್‌ವೇರೂ 18ನ್ನೇ ನಂಬುತ್ತದೆ.

ಮನೆಗೆ ಕಳಿಸುವಾಗ ಮನೆಯವರಿಗೆ ಎರಡು ವಿಷಯ ಬರೆದು ಕೊಡಿ, ಅವರು ಓದುವ ಲಿಪಿಯಲ್ಲಿ. ಜ್ವರ, ಚಳಿ, ಹೊಟ್ಟೆ ಉಬ್ಬರ, ಮೂತ್ರ ಕಡಿಮೆ, ಮಾತು ಹಿಂದೆಮುಂದೆ ಆಗುವುದು ಕಂಡರೆ ತಪಾಸಣೆಯ ದಿನಾಂಕಕ್ಕೆ ಕಾಯದೆ ಬರಬೇಕು. ಇನ್ನೊಂದು ಗಾಯದ ಬಗ್ಗೆ: ಐದರಿಂದ ಹತ್ತನೆಯ ದಿನದ ನಡುವೆ ಒಣಗಿದ್ದ ಗಾಯದಿಂದ ಒಮ್ಮೆಲೇ ತೆಳು ಕೆಂಪು ನೀರು ಬಂದು ಬಟ್ಟೆ ನೆನೆದರೆ ಒಳಗಿನ ಹೊಲಿಗೆ ಬಿಡುತ್ತಿದೆ ಎಂದು ತಿಳಿಯಬೇಕು. ಹೊಲಿಗೆ ಬಿಚ್ಚಿ ನೋಡಬಾರದು, ಒತ್ತಬಾರದು. ಕುದಿಸಿ ಆರಿಸಿದ ಉಪ್ಪುನೀರಿನಲ್ಲೋ ಸಲೈನಿನಲ್ಲೋ ನೆನೆಸಿದ ಶುದ್ಧ ಬಟ್ಟೆ ಮುಚ್ಚಿ, ಮೊಣಕಾಲು ಮಡಿಸಿ ಮಲಗಿಸಿ, ಬಾಯಿಗೆ ನೀರೂ ಕೊಡದೆ, ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡುತ್ತಲೇ ಹೊರಡಬೇಕು.